ಕಾರ್ಯದರ್ಶಿಯ ಮೇಜು

ಸಂಘದ ವಾರ್ಷಿಕೋತ್ಸವದಲ್ಲಿ ಕಾರ್ಯದರ್ಶಿ ವರದಿ ಓದಲು ನಿಂತರೆ ಸಭಿಕರು ಪಕ್ಕದವರೊಡನೆ ಮಾತಿಗಿಳಿಯುತ್ತಾರೆ. ನನಗಿದು ನೋವಿನ ಸಂಗತಿ. ಕಾಡಿ ಬೇಡಿ ತಂದ ಚಂದಾ, ಉತ್ತರ ಬಾರದ ಪತ್ರಗಳಿಗೆ ಮತ್ತೆ ಬರೆದ ಪತ್ರ, ಎಲ್ಲವೂ ಆ ನಾಲ್ಕು ಹಾಳೆಗಳಲ್ಲಿರುತ್ತದೆ.

ಸಾಹೇಬರು ಹೇಳಿದ್ದನ್ನು ಬರೆದುಕೊಂಡು ಟೈಪು ಮಾಡುವವರನ್ನೂ ನಾವು ಕಾರ್ಯದರ್ಶಿ ಎನ್ನುತ್ತೇವೆ, ಸಂಸ್ಥೆಯನ್ನೇ ನಡೆಸುವವರನ್ನೂ ಅದೇ ಹೆಸರಿನಿಂದ ಕರೆಯುತ್ತೇವೆ. ಇಂಗ್ಲೆಂಡಿನ ಜೋನ್ ಸ್ಕ್ರೂಟನ್ ಮೊದಲನೆಯ ಕುರ್ಚಿಯಿಂದ ಎರಡನೆಯದಕ್ಕೆ ಬಂದವರು. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅವರ ಕಾರ್ಯದರ್ಶಿಯಾಗಿದ್ದ ಆಕೆ ಮುಂದೆ ಅಂತರರಾಷ್ಟ್ರೀಯ ಸ್ಟೋಕ್ ಮ್ಯಾಂಡೆವಿಲ್ ಕ್ರೀಡಾ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾದರು.

ಗುಟ್‌ಮನ್ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ನರವೈದ್ಯ. ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗೆಂದು 1944ರಲ್ಲಿ ಅಲ್ಲಿ ವಿಭಾಗ ತೆರೆದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಬಿಲ್ಲು ಹಿಡಿದರು. 1960ರ ಹೊತ್ತಿಗೆ ಆ ಸ್ಪರ್ಧೆ ಬೆಳೆದು ರೋಮ್‌ಗೆ ಹೋಗಿ, 23 ದೇಶಗಳ ಕೂಟವಾಯಿತು.

ಈ ಕ್ರೀಡೆಯಲ್ಲಿ ಕಾಗದದ ಕೆಲಸ ಎಷ್ಟು ನಾಜೂಕಿನದೆಂದು ಒಂದು ಉದಾಹರಣೆ ಹೇಳುತ್ತೇನೆ. ಆಗೆಲ್ಲ ಬೆನ್ನೆಲುಬಿನ ಎಷ್ಟನೆಯ ಮಣಿಯ ಬಳಿ ಹುರಿಗೆ ಪೆಟ್ಟಾಗಿದೆ ಎಂಬುದರ ಮೇಲೆ ಆಟಗಾರನ ವರ್ಗ ನಿರ್ಧಾರವಾಗುತ್ತಿತ್ತು. ಅರ್ಜಿಯಲ್ಲಿ ಒಂದಂಕಿ ತಪ್ಪಿದರೂ ಹೊಟ್ಟೆಯ ಸ್ನಾಯುಗಳಲ್ಲಿ ಬಲವಿಲ್ಲದವನು ಬಲವಿರುವವನ ಎದುರು ಈಟಿ ಎಸೆಯಬೇಕಾಗಬಹುದಿತ್ತು. ಟೈಪ್‌ರೈಟರಿನ ಮುಂದೆ ಕೂತವರ ಎಚ್ಚರಿಕೆಯೂ ಆ ಆಟದ ನ್ಯಾಯದ ಒಂದು ಭಾಗವಾಗಿತ್ತು.

ನಿಜವಾದ ಪರೀಕ್ಷೆ ಬಂದದ್ದು 1984ರಲ್ಲಿ. ಗುಟ್‌ಮನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಸಲದ ಗಾಲಿಕುರ್ಚಿ ಸ್ಪರ್ಧೆಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆಯಬೇಕಿತ್ತು. ಇನ್ನು ಕೆಲವೇ ತಿಂಗಳಿವೆ ಎನ್ನುವಾಗ ಹಣ ಹೊಂದಿಸಲಾಗಲಿಲ್ಲವೆಂದು ಅಲ್ಲಿಯವರು ಕೈಬಿಟ್ಟರು. ಕೂಟವನ್ನು ಮತ್ತೆ ತವರಿಗೇ ತಂದದ್ದಾಯಿತು. 41 ದೇಶಗಳ ಸಾವಿರಕ್ಕೂ ಮಿಕ್ಕಿದ ಸ್ಪರ್ಧಿಗಳು ಸ್ಟೋಕ್ ಮ್ಯಾಂಡೆವಿಲ್‌ಗೆ ಬಂದಿಳಿದರು. ಊಟ, ಹಾಸಿಗೆ, ಗಾಲಿಕುರ್ಚಿ ಹೊರುವ ಬಸ್ಸು, ಎಲ್ಲವನ್ನೂ ಅಷ್ಟು ಮಂದಿಗೆ ಹೊಂದಿಸಬೇಕಿತ್ತು. ಅಷ್ಟು ಕಡಿಮೆ ಸಮಯದಲ್ಲಿ ಇದು ನಡೆಯಿತೆಂದರೆ ಯಾವ ದೇಶದಲ್ಲಿ ಯಾರಿಗೆ ಬರೆಯಬೇಕು, ಯಾರನ್ನು ಕೇಳಿದರೆ ಇಲ್ಲವೆನ್ನುವುದಿಲ್ಲ ಎಂಬುದನ್ನು ಬಲ್ಲ ಸ್ಕ್ರೂಟನ್‌ರಂಥವರು ಅಲ್ಲಿದ್ದರು ಎಂದೇ ಅರ್ಥ. ಆ ತಿಳಿವಳಿಕೆ ಹಣ ಕೊಟ್ಟರೆ ಸಿಗುವುದಿಲ್ಲ, ದಶಕಗಟ್ಟಲೆ ಒಂದೇ ಮೇಜಿನ ಮುಂದೆ ಕೂತವರಿಗಷ್ಟೇ ಬರುತ್ತದೆ. ಸ್ಥಾಪಕರ ಪ್ರತಿಮೆಗೆ ಹಾರ ಹಾಕುವಾಗ ಆ ಮೇಜನ್ನೂ ನೆನೆಯಬೇಕೆಂಬುದು ನನ್ನ ಹಟ.

ಆ ಆಸ್ಪತ್ರೆಯ ಕೂಟವೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು; 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಲಾಂಛನ ಗೊಂಬೆಗೆ ಮ್ಯಾಂಡೆವಿಲ್ ಎಂದೇ ಹೆಸರಿಟ್ಟರು. ನಮ್ಮ ಹಾಸನ ಜಿಲ್ಲೆಯ ಹುಡುಗ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ತಂದದ್ದು ಅದೇ ಕೂಟದಲ್ಲಿ. ಹೊಸನಗರ ನಾಗರಾಜೇಗೌಡ ಗಿರೀಶ ಎಂಬ ಆ ಉದ್ದನೆಯ ಹೆಸರನ್ನು ಅದಕ್ಕೂ ಮೊದಲು ಯಾರೋ ಒಬ್ಬರು ಕಚೇರಿಯಲ್ಲಿ ಕೂತು, ಅಕ್ಷರ ಅಕ್ಷರ ನೋಡಿ, ಸ್ಪರ್ಧಿಗಳ ಪಟ್ಟಿಗೆ ಸೇರಿಸಿದ್ದರು.