ಹೊನ್ನಿನೊಡನೆ ತೂಗಿದ ಓಲೆ

ಹೊನ್ನಿನ ಬೆಲೆಯನ್ನು ತಕ್ಕಡಿ ಹೇಳುತ್ತದೆ. ಮನೆಯಿಂದ ಬಂದ ಓಲೆಯ ಬೆಲೆಯನ್ನು ದೂರದೇಶದಲ್ಲಿರುವವನೇ ಬಲ್ಲ. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಲಕ್ಕೆ ಇವೆರಡೂ ಒಂದೇ ತಕ್ಕಡಿಯನ್ನೇರಿದವು.

1848ರ ಜನವರಿ 24ರಂದು ಕೊಲೋಮಾ ಎಂಬಲ್ಲಿ, ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ, ಜೇಮ್ಸ್ ಮಾರ್ಷಲ್ ಅವರಿಗೆ ಚಿನ್ನದ ಕಣಗಳು ದೊರೆತವು. ಸುದ್ದಿ ಹಬ್ಬಿದೊಡನೆ ಲಕ್ಷಾಂತರ ಜನ ಮನೆಮಾರು ತೊರೆದು ಅತ್ತ ಧಾವಿಸಿದರು. ಅವರ ಪತ್ರಗಳು ಪನಾಮಾ ಮಾರ್ಗವಾಗಿ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತಿದ್ದವು. ಅಲ್ಲಿನ ಅಂಚೆ ಕಚೇರಿಯ ಮುಂದೆ ಜನರು ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲಬೇಕಾಗಿತ್ತು. ದೂರದ ಗಣಿಗಳಲ್ಲಿದ್ದವರಿಗಂತೂ ಆ ಭಾಗ್ಯವೂ ಇರಲಿಲ್ಲ.

1849ರಲ್ಲಿ ಅಲೆಕ್ಸಾಂಡರ್ ಟಾಡ್ ಎಂಬವರು ಗಣಿಗಾರರ ಹೆಸರುಗಳನ್ನು ಬರೆದುಕೊಂಡು, ನಗರದಿಂದ ಅವರ ಪತ್ರಗಳನ್ನು ತಂದು ಮುಟ್ಟಿಸತೊಡಗಿದರು. ಪತ್ರವೊಂದಕ್ಕೆ ಅವರು ಪಡೆದ ಪ್ರತಿಫಲ ಒಂದು ಔನ್ಸ್ ಚಿನ್ನದ ಪುಡಿ, ಅಂದರೆ ಸುಮಾರು 16 ಡಾಲರು. ಅಟ್ಲಾಂಟಿಕ್ ತೀರದಿಂದ ಕ್ಯಾಲಿಫೋರ್ನಿಯಾಕ್ಕೆ ಬರಲು ಅದೇ ಪತ್ರಕ್ಕೆ ಸರ್ಕಾರದ ಅಂಚೆದರ ಕೇವಲ 40 ಸೆಂಟು! ಆದರೂ ಗಣಿಗಾರರು ಸಂತೋಷದಿಂದ ತೆತ್ತರು.

ಈ ಮಾರ್ಗದಲ್ಲಿಯೇ ಹಲವು ಎಕ್ಸ್‌ಪ್ರೆಸ್ ಕಂಪನಿಗಳು ತಲೆಯೆತ್ತಿದವು. 1852ರಲ್ಲಿ ಸ್ಥಾಪನೆಯಾದ ವೆಲ್ಸ್ ಫಾರ್ಗೊ 1895ರವರೆಗೂ ಪತ್ರಗಳನ್ನು ಸಾಗಿಸಿತು. ಪ್ರಬಲವಾಗಿದ್ದ ಆಡಮ್ಸ್ ಕಂಪನಿ 1855ರಲ್ಲಿಯೇ ಕುಸಿಯಿತು. ಖಾಸಗಿಯವರು ಸಾಗಿಸಿದರೂ ಸರ್ಕಾರದ ಅಂಚೆದರ ತಪ್ಪುತ್ತಿರಲಿಲ್ಲ. ಆದುದರಿಂದ ಸರ್ಕಾರದ ಅಂಚೆಚೀಟಿ ಅಚ್ಚಾದ ಲಕೋಟೆಯ ಮೇಲೆಯೇ ಕಂಪನಿಗಳು ತಮ್ಮ ಮುದ್ರೆಯನ್ನೂ ಒತ್ತಿಸಿ ಮಾರುತ್ತಿದ್ದವು. ಒಂದೇ ಲಕೋಟೆಗೆ ಎರಡು ಸುಂಕ.

ಇಂದು ಸಂಗ್ರಾಹಕರು ಅರಸುವುದು ಇಂತಹ ಲಕೋಟೆಗಳನ್ನೇ. ಕೆಲವೇ ಊರುಗಳ ನಡುವೆ ಅಲ್ಪಕಾಲ ದುಡಿದು ಮರೆಯಾದ ಸಣ್ಣ ಕಂಪನಿಗಳ ಲಕೋಟೆಗಳು ಅತಿ ವಿರಳ. ನಿಜವಾದ ಹಳೆಯ ಲಕೋಟೆಗೆ ಕಳ್ಳಮುದ್ರೆ ಒತ್ತಿ ಮಾರುವವರೂ ಉಂಟು. ಆದುದರಿಂದ ಮುದ್ರೆಯ ಕಂಪನಿ ಆ ಊರಿನಲ್ಲಿ, ಆ ದಿನಾಂಕದಂದು ಇದ್ದಿತೇ ಎಂಬುದನ್ನು ತಾಳೆ ನೋಡುವುದು ಸಂಗ್ರಾಹಕನ ಮೊದಲ ಕರ್ತವ್ಯ.

ಎರಡನೆಯದು, ಲಕೋಟೆಯನ್ನು ಇಡಿಯಾಗಿ ಉಳಿಸುವುದು. ಚೀಟಿಯ ಆಸೆಗೆ ಅದನ್ನು ಕತ್ತರಿಸಿದರೆ ವಿಳಾಸ, ಊರು, ಹೊತ್ತವನ ಗುರುತು ಎಲ್ಲವೂ ಅಳಿಯುತ್ತವೆ. ಆ ಗಣಿ ಬಿಡಾರಗಳಲ್ಲಿ ಎಷ್ಟೋ ಈಗ ಹಾಳುಬಿದ್ದಿವೆ. ಅಲ್ಲಿಯೂ ಒಬ್ಬ ಮಗನಿದ್ದ, ಅವನಿಗಾಗಿ ಮನೆಯವರು ಕಾದಿದ್ದರು ಎಂಬುದಕ್ಕೆ ಆ ಲಕೋಟೆಯೇ ಸಾಕ್ಷಿ. ಸಾಕ್ಷಿಯನ್ನು ಕತ್ತರಿಸಿ ಒಡವೆ ಮಾಡಿಕೊಳ್ಳುವುದು ಸಂಗ್ರಹವಲ್ಲವೆಂದು ನಾವು ಭಾವಿಸುತ್ತೇವೆ.