ಚಿತ್ತೋಡವನ್ನು ಬಲ್ಲೆವು, ಸುರಪುರವನ್ನು ಬಲ್ಲೆವೆ?

ರಜಪೂತರ ರಾಜಧಾನಿ ಚಿತ್ತೋಡದ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. 1303, 1535 ಮತ್ತು 1568ರಲ್ಲಿ ಆ ದುರ್ಗವು ಶತ್ರುವಶವಾದುದನ್ನು ನಾವು ಓದಿದ್ದೇವೆ. ಅದು ಯೋಗ್ಯವೇ ಸರಿ. ಆದರೆ ನಮ್ಮ ನಗರದ ಚರಿತ್ರೆಯೊಡನೆಯೇ ಹೆಣೆದುಕೊಂಡಿರುವ ಒಂದು ಕನ್ನಡ ರಾಜಧಾನಿಯನ್ನು ನಾವು ಮರೆತಿರುವುದು ಯೋಗ್ಯವಲ್ಲ. ಅದೇ ಸುರಪುರ, ಇಂದು ಕರ್ನಾಟಕದ ಯಾದಗಿರಿ ಜಿಲ್ಲೆಯ ಒಂದು ತಾಲೂಕು ಕೇಂದ್ರ.

ಸುರಪುರದ ಅರಸರು ಬೇಡ ನಾಯಕರು. 1705ರಲ್ಲಿ ವೃದ್ಧ ಔರಂಗಜೇಬನು ಅವರ ವಾಗಿನಗೇರಿ ಕೋಟೆಯನ್ನು ಮುತ್ತಿದನು. ಅಷ್ಟು ದೊಡ್ಡ ಸೇನೆಗೂ ಆ ಕೋಟೆಯನ್ನು ಹಿಡಿಯಲು ತಿಂಗಳುಗಳು ಬೇಕಾದುವು; ಕೋಟೆ ಹೋದರೂ ನಾಯಕರು ಅಳಿಯಲಿಲ್ಲ. ಮುಂದೆ ಸುರಪುರವು ಅವರ ರಾಜಧಾನಿಯಾಯಿತು.

1841ರಲ್ಲಿ ಅರಸನಾದ ವೆಂಕಟಪ್ಪ ನಾಯಕನು ಬಾಲಕನಾಗಿದ್ದುದರಿಂದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರರು ಅಲ್ಲಿಗೆ ಬಂದು, 1853ರವರೆಗೆ ಸಂಸ್ಥಾನದ ಮೇಲ್ವಿಚಾರಣೆಯನ್ನು ನಡೆಸಿದರು. ಬಾಲಕನು ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ. ಅದೇ ಬಾಲಕನು 1858ರ ಫೆಬ್ರವರಿಯಲ್ಲಿ ಆಂಗ್ಲರ ವಿರುದ್ಧ ಖಡ್ಗವನ್ನೆತ್ತಿದನು. ಸೋಲು ಸಮೀಪಿಸಲು ಹೈದರಾಬಾದಿಗೆ ಬಂದನು. ಇಲ್ಲಿಯೇ ಸೆರೆಸಿಕ್ಕಿ ವಿಚಾರಣೆಗೆ ಗುರಿಯಾದನು. ಮರಣದಂಡನೆಯು ಇಳಿದಿಳಿದು ನಾಲ್ಕು ವರ್ಷಗಳ ಕಾರಾಗೃಹವಾಸವಾಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಸಿಕ್ಕಿ ಅವನು ಮಡಿದನು. 1860ರ ಒಪ್ಪಂದದಿಂದ ಸುರಪುರವು ನಿಜಾಮರದಾಯಿತು.

ಅರಸನೇ ಗುಂಡು ಹಾರಿಸಿಕೊಂಡನೆಂದು ಟೇಲರರು ಬರೆದಿದ್ದಾರೆ. ಅವರು ಅವನಲ್ಲಿ ಮಮತೆಯಿಟ್ಟಿದ್ದವರು, ನಿಜ. ಆದರೆ ಆ ಗಳಿಗೆಯಲ್ಲಿ ಸ್ಥಳದಲ್ಲಿದ್ದವರಲ್ಲ. ಅವರ ಮಾತನ್ನು ಒಪ್ಪದವರೂ ಉಂಟು. ಬರೆದವನು ಯಾರು, ಅವನು ಏನನ್ನು ಕಣ್ಣಾರೆ ಕಂಡನು, ಯಾರ ಅನ್ನವನ್ನುಂಡನು ಎಂದು ಕೇಳುವುದೇ ಚರಿತ್ರೆಯ ಮೊದಲ ಪಾಠ.

ಇನ್ನೊಂದು ಪಾಠವೂ ಇದೆ. ಆ ಕಾಲದಲ್ಲಿ ನಿಜಾಮರ ದಿವಾನರಾಗಿದ್ದವರು ಮೊದಲನೆಯ ಸಾಲಾರ್ ಜಂಗರು. ಅವರು ಸಮರ್ಥ ಆಡಳಿತಗಾರರು. ಆಂಗ್ಲರ ಪಕ್ಷವನ್ನು ಹಿಡಿದವರೂ ಹೌದು. ಅವರ ಮೊಮ್ಮಗನ ಸಂಗ್ರಹದಿಂದ ಬೆಳೆದ ವಸ್ತುಸಂಗ್ರಹಾಲಯವನ್ನು ಸಂತೋಷದಿಂದ ನೋಡೋಣ. ಜೊತೆಗೆ ಈ ಸಂಗತಿಯನ್ನೂ ನೆನೆಯೋಣ. ಒಬ್ಬನನ್ನು ದೇವರನ್ನಾಗಿಯೂ ಇನ್ನೊಬ್ಬನನ್ನು ರಾಕ್ಷಸನನ್ನಾಗಿಯೂ ಮಾಡಿದರೆ ಅದು ಪುರಾಣವಾದೀತು, ಚರಿತ್ರೆಯಾಗದು.

ಸುರಪುರವು ಚಿಕ್ಕ ಸಂಸ್ಥಾನ, ಪರೀಕ್ಷೆಗೆ ಬಾರದು ಎನ್ನುವವರಿದ್ದಾರೆ. ಚಿತ್ತೋಡದ ಕೀರ್ತಿ ಉಳಿದುದು ಕೇವಲ ಕೋಟೆಯ ಕಲ್ಲುಗಳಿಂದಲ್ಲ; ಅಲ್ಲಿನ ಚಾರಣರು ಹಾಡಿದರು, ಜನರು ಮಕ್ಕಳಿಗೆ ಹೇಳಿಕೊಟ್ಟರು. ಸುರಪುರದಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿರುವುದು ನಮ್ಮ ನೆನಪಿನಲ್ಲಿ. ವಿದ್ಯಾರ್ಥಿ ಮಿತ್ರರೇ, ಆ ಅರಸನು ಸೆರೆಯಾದ ನಗರದಲ್ಲಿಯೇ ಕುಳಿತು ನಾವು ಅವನ ನುಡಿಯನ್ನು ಓದುತ್ತಿದ್ದೇವೆ. ಅವನ ಕಥೆಯನ್ನು ತಿಳಿಯುವ ಹೊಣೆ ನಮಗಲ್ಲದೆ ಇನ್ನಾರಿಗೆ?