ಮುಳುಗಿದ ಹಡಗುಗಳ ಲೆಕ್ಕ

ಹೊನ್ನಾವರ, ಕುಮಟಾ ಕಡೆಯ ಹಳೆಯ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿ ನೋಡಿ. ಪಾಚಿ ಕೆರೆದರೆ ಬೆರಳಿಗೆ ಉಬ್ಬಕ್ಷರ ತಾಗುವುದುಂಟು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಇದೇ ಅಕ್ಷರಗಳು ಗೋವೆಯ ಕಡಲ ತಳದಲ್ಲೂ ಸಿಕ್ಕಿವೆ. ಅಲ್ಲಿನ ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ಮುಳುಗಿದ್ದ ಹಡಗೊಂದನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಶೋಧಿಸಿದಾಗ ಮಾಡಿನ ಹಂಚು, ನೆಲದ ಹಂಚು, ನೀರಿನ ಕೊಳವೆ, ಕೊರಿಂಥಿಯನ್ ಶೈಲಿಯ ಕಂಬದ ಬೋದಿಗೆ ಕಂಡವು. ಎಲ್ಲ ಸುಟ್ಟ ಮಣ್ಣಿನವು. 1865 ಎಂಬುದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ. ಹಾಗಾಗಿ ಹಡಗು ಎಂದು ಮುಳುಗಿತೆಂದು ಮೊಹರು ಹೇಳುವುದಿಲ್ಲ. ಆದರೆ ಮಿಷನ್ನಿನ ಹಂಚಿನ ಕಾರ್ಖಾನೆಗಳಿದ್ದದ್ದು ಭಟ್ಕಳಕ್ಕಿಂತ ದಕ್ಷಿಣಕ್ಕೆ. ಅಂದಮೇಲೆ ಆ ಸರಕು ಭಟ್ಕಳ, ಹೊನ್ನಾವರ, ಕುಮಟಾಗಳ ಮುಂದೆ ಹಾದೇ ಗೋವೆಯ ನೀರಿಗೆ ಬಂದಿರಬೇಕು. ಕಾರ್ಖಾನೆಯ ಹೆಸರು ಉಪ್ಪುನೀರಿನಲ್ಲೂ ಉಳಿಯಿತು. ಹಡಗಿನ ಹೆಸರು, ಅದನ್ನು ನಡೆಸಿದ ತಂಡೇಲನ ಹೆಸರು, ಖಲಾಸಿಗಳ ಹೆಸರು ಉಳಿಯಲಿಲ್ಲ.

ನನ್ನನ್ನು ಕಾಡುವುದು ಇದೇ. ನಮ್ಮ ಕಡಲಲ್ಲಿ ಸರಕಿಗೆ ಲೆಕ್ಕವಿತ್ತು, ಜನಕ್ಕೆ ಇರಲಿಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಪತ್ತೆಮಾರಿ ಹಾಯಿಹಡಗುಗಳಲ್ಲಿ ಮುಂಬಯಿ ಸೇರಿ, ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಯಿತು. ಹೊತ್ತುಕೊಂಡು ಹೋದವರ ಹೆಸರು ಯಾವ ಪೇಟೆಯಲ್ಲೂ ಕೇಳಲಿಲ್ಲ. ಕಳೆದುಕೊಂಡವನು ಬರೆಯಬಲ್ಲವನಾಗಿದ್ದರೆ ಮಾತ್ರ ಕಥೆ ಉಳಿಯುತ್ತಿತ್ತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಅಂಥವನು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಸಂತೋಷದಿಂದ ದಾಖಲಿಸಿದವನೇ, ಮುಂದೊಮ್ಮೆ ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಸಣ್ಣ ದ್ವೀಪದ ಬಳಿ 12 ಹಡಗುಗಳು ತನ್ನನ್ನು ಮುತ್ತಿ ಇದ್ದಬದ್ದದ್ದನ್ನೆಲ್ಲ ದೋಚಿದವೆಂದೂ ಬರೆದಿದ್ದಾನೆ. ಮುರುಡೇಶ್ವರದ ಎದುರಿನ ನೇತ್ರಾಣಿಯೇ ಆ ದ್ವೀಪವೆಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ. ಅದೇ ಹಡಗಿನಲ್ಲಿದ್ದ ಉಳಿದವರ ಗೋಳು ಮಾತ್ರ ಯಾರಿಗೂ ಗೊತ್ತಿಲ್ಲ.

ಹಳೆಯ ಕಾಲದ ಮಾತಾಯಿತೆನ್ನುವಂತಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಎರಡು ದಿನಕ್ಕೇ ಸಂಪರ್ಕ ಕಡಿದುಕೊಂಡಿತು. ಏಳು ಜನರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಮನೆಯವರು ನಾಲ್ಕೂವರೆ ತಿಂಗಳು ದಾರಿ ಕಾದರು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದಾಚೆ ದೋಣಿಯ ಅವಶೇಷ ಪತ್ತೆಮಾಡಿತು.

ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಸಂಗ್ರಹಾಲಯವಾಗಿ ನಿಂತಿದೆ. ಮಕ್ಕಳು ಅದನ್ನು ಹತ್ತಿ ಇಳಿದು ಖುಷಿಪಡುತ್ತಾರೆ, ಒಳ್ಳೆಯದೇ. ಅದರ ಜತೆಗೆ ಮುಳುಗಿದವರ ಸಂಗ್ರಹಾಲಯವೂ ಈ ಜಿಲ್ಲೆಗೆ ಬೇಕು, ಅದು ದೀಪಸ್ತಂಭದ ಬುಡದಲ್ಲೇ ಇರಬೇಕು. ದೇಶದ 75 ದೀಪಸ್ತಂಭಗಳನ್ನು ಪ್ರವಾಸಿ ತಾಣಗಳಾಗಿ ಮಾಡಿ 2024ರ ಫೆಬ್ರುವರಿಯಲ್ಲಿ ಉದ್ಘಾಟಿಸಿಯಾಗಿದೆ, ದಾರಿ ಹೊಸದೇನಲ್ಲ. ಕತ್ತಲಲ್ಲಿ ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಮಿನುಗಿತೆಂದು ಎಣಿಸಿ ಇದು ಭಟ್ಕಳ, ಇದು ಕುಮಟಾ ಎಂದು ಗುರುತು ಹಿಡಿಯುವುದು ಕಡಲಿಗರ ವಿದ್ಯೆ. ಆ ಬೆಳಕನ್ನು ಹುಡುಕಿಕೊಂಡು ಬಂದೂ ದಡ ಸೇರದವರ ಹೆಸರು ಅಲ್ಲೇ ಇರುವುದು ನ್ಯಾಯ.

ಆ ಸಂಗ್ರಹಾಲಯದಲ್ಲಿ ಗೋವೆಯ ಹಂಚಿನದೊಂದು ಪ್ರತಿಕೃತಿ ಇರಲಿ, ಬತೂತನ ಪಯಣದ ನಕಾಶೆಯೂ ಇರಲಿ. ದೊಡ್ಡ ಗೋಡೆಯನ್ನು ಮಾತ್ರ ಅಳಿವೆಗೆ ಬಿಡಬೇಕು. ಶರಾವತಿಯ ಅಳಿವೆಯಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ಹೋದ ವರ್ಷದ ದಾರಿ ಈ ವರ್ಷ ದಿಬ್ಬವಾಗಿರುತ್ತದೆ. ಹೊರಗಿನ ಕಡಲನ್ನು ಗೆದ್ದು ಬಂದ ದೋಣಿ ಮನೆಯ ಬಾಗಿಲಲ್ಲೇ ಮಗುಚುವುದು ಇಂಥಲ್ಲಿ. ಯಾವ ಮಳೆಗಾಲದಲ್ಲಿ ಯಾರ ದೋಣಿ ಎಲ್ಲಿ ಸಿಕ್ಕಿಬಿತ್ತೆಂಬುದನ್ನು ಕಾಸರಕೋಡಿನ, ಟೊಂಕದ, ಅಳ್ವೆಕೋಡಿಯ ಹಿರಿಯ ತಂಡೇಲರ ಬಾಯಿಂದಲೇ ಕೇಳಬೇಕು. ಖಾರ್ವಿ, ಮೊಗೇರ, ಹರಿಕಂತ್ರ ಕೇರಿಗಳಲ್ಲಿ ಅದನ್ನು ಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ.

ಇದಕ್ಕೆ ಕಟ್ಟಡ ಏಳುವವರೆಗೆ ಕಾಯಬೇಕಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ತಂಡೇಲರು ದಡದಲ್ಲೇ ಬಲೆ ಹೆಣೆಯುತ್ತ ಕೂತಿರುತ್ತಾರೆ. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಒಂದು ನಕಾಶೆ, ಒಂದು ನೋಟ್‌ಬುಕ್ ಹಿಡಿದು ಈ ಸಲವೇ ಅವರ ಪಕ್ಕ ಹೋಗಿ ಕೂರಲಿ. ಮೊದಲು ಕೇಳಬೇಕಾದದ್ದು ದೋಣಿಯ ಬೆಲೆಯನ್ನಲ್ಲ, ಅದರಲ್ಲಿದ್ದವರ ಹೆಸರನ್ನು.